ಅರಬ್ಬಿ ಸಮುದ್ರದ ಬಿಸಿ ಅಳೆದ ಪುಣೆ ವಿಜ್ಞಾನಿ: ರಾಕ್ಸಿ ಮ್ಯಾಥ್ಯೂ ಕೋಲ್ ಸಂಶೋಧನೆಗೆ ಜಗತ್ತಿನಲ್ಲಿ ಯಾಕಿಷ್ಟು ಮನ್ನಣೆ?

ಪುಣೆ: ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಎದ್ದಾಗ ಅಥವಾ ಒಂದೇ ದಿನದ ಮಳೆಗೆ ಊರುಗಳು ಮುಳುಗಿದಾಗ ಸುದ್ದಿಗಳಲ್ಲಿ ಮತ್ತೆ ಮತ್ತೆ ಕಾಣುವ ಹೆಸರು ಡಾ. ರಾಕ್ಸಿ ಮ್ಯಾಥ್ಯೂ ಕೋಲ್. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ (ಐಐಟಿಎಂ) ವಿಜ್ಞಾನಿಯಾದ ಇವರ ಪ್ರಬಂಧಗಳನ್ನು ಜಗತ್ತಿನ ಹವಾಮಾನ ಸಂಶೋಧಕರು ಹೆಚ್ಚಾಗಿ ಉಲ್ಲೇಖಿಸುತ್ತಾರೆ. ಸಂಶೋಧನಾ ಉಲ್ಲೇಖಗಳ ಆಧಾರದ ಮೇಲೆ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ತಂಡ ಸಿದ್ಧಪಡಿಸುವ ವಿಶ್ವದ ಅಗ್ರ ಶೇ 2ರಷ್ಟು ವಿಜ್ಞಾನಿಗಳ ಪಟ್ಟಿಯಲ್ಲೂ ಅವರಿದ್ದಾರೆ.

ಕೇರಳ ಮೂಲದ ಕೋಲ್, ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡಿದವರು. ಅವರು ಸೇರಿದ ಐಐಟಿಎಂ ಸ್ಥಾಪನೆಯಾದದ್ದು 1962ರಲ್ಲಿ. ಮುಂಗಾರಿನ ಅಧ್ಯಯನಕ್ಕೆ ಪುಣೆ ಮೊದಲಿನಿಂದಲೂ ಹೆಸರಾದ ಊರು. ಭಾರತೀಯ ಹವಾಮಾನ ಇಲಾಖೆಯ ಕೇಂದ್ರ ಕಚೇರಿ 1928ರಲ್ಲಿ ಶಿಮ್ಲಾದಿಂದ ಬಂದದ್ದೂ ಇಲ್ಲಿಗೇ.

ಪೆಸಿಫಿಕ್‌ನಿಂದ ನಮ್ಮ ಕಡಲಿನತ್ತ

ಮುಂಗಾರು ಕೈಕೊಟ್ಟರೆ ನಾವು ಮೊದಲು ದೂರುವುದು ಎಲ್ ನಿನೊವನ್ನು, ಅಂದರೆ ದೂರದ ಪೆಸಿಫಿಕ್ ಸಾಗರವನ್ನು. ಮನೆ ಬಾಗಿಲಿನಲ್ಲೇ ಇರುವ ಹಿಂದೂ ಮಹಾಸಾಗರ ಏನು ಮಾಡುತ್ತಿದೆ ಎಂಬ ಪ್ರಶ್ನೆಗೆ ಕೋಲ್ ಮತ್ತು ಸಹ ಸಂಶೋಧಕರು 2014ರಲ್ಲಿ ಉತ್ತರ ಹುಡುಕಿದರು. ಪೂರ್ವ ಭಾಗಕ್ಕೆ ಹೋಲಿಸಿದರೆ ತಂಪಾಗಿರುತ್ತಿದ್ದ ಪಶ್ಚಿಮ ಹಿಂದೂ ಮಹಾಸಾಗರ, 1901ರಿಂದ 2012ರ ನಡುವೆ ಬೇಸಿಗೆ ಮುಂಗಾರಿನ ತಿಂಗಳುಗಳಲ್ಲಿ 1.2 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಾಗಿದೆ ಎಂದು ಆ ಅಧ್ಯಯನ ತೋರಿಸಿತು.

1.2 ಡಿಗ್ರಿ ಕೇಳಲು ಸಣ್ಣದು. ಆದರೆ ಮುಂಗಾರು ಗಾಳಿಯನ್ನು ಒಳನಾಡಿಗೆ ಎಳೆಯುವುದೇ ನೆಲ ಮತ್ತು ಕಡಲಿನ ನಡುವಿನ ತಾಪಮಾನದ ಅಂತರ. ಕಡಲು ಬೇಗ ಬಿಸಿಯಾದರೆ ಅಂತರ ಕುಗ್ಗುತ್ತದೆ, ಗಾಳಿಯ ಬಲ ತಗ್ಗುತ್ತದೆ. 2015ರಲ್ಲಿ 'ನೇಚರ್ ಕಮ್ಯುನಿಕೇಷನ್ಸ್' ಪ್ರಕಟಿಸಿದ ಪ್ರಬಂಧದ ತಿರುಳು ಇದೇ. ಮಧ್ಯ-ಪೂರ್ವ ಮತ್ತು ಉತ್ತರ ಭಾರತದ ಕೆಲವೆಡೆ ಮುಂಗಾರು ಮಳೆ ಒಂದು ಶತಮಾನದಲ್ಲಿ ಶೇ 10ರಿಂದ 20ರಷ್ಟು ಇಳಿದಿದೆ ಎಂದು ತಂಡ ಹೇಳಿತು.

ಎರಡು ವರ್ಷಗಳ ನಂತರ ಅದೇ ಪತ್ರಿಕೆಯಲ್ಲಿ ಬಂದ ಇನ್ನೊಂದು ಪ್ರಬಂಧದ ಶೋಧ ಮೇಲ್ನೋಟಕ್ಕೆ ಇದಕ್ಕೆ ತದ್ವಿರುದ್ಧ. 1950ರಿಂದ 2015ರ ನಡುವೆ ಮಧ್ಯ ಭಾರತದಲ್ಲಿ ವ್ಯಾಪಕವಾಗಿ ಸುರಿಯುವ ಅತಿ ಭಾರಿ ಮಳೆಯ ಘಟನೆಗಳು ಮೂರು ಪಟ್ಟಾಗಿವೆ. ಒಟ್ಟು ಮಳೆ ಕಡಿಮೆ, ಆದರೆ ಬಂದಾಗ ಬಿರುಸು ಹೆಚ್ಚು. ಅರಬ್ಬಿ ಸಮುದ್ರದ ಮೇಲಿನ ಪಶ್ಚಿಮದ ಗಾಳಿ ಹೆಚ್ಚು ಏರುಪೇರಾಗಿ, ಆಗಾಗ ಭಾರಿ ತೇವಾಂಶವನ್ನು ಒಮ್ಮೆಲೇ ತಂದು ಸುರಿಯುವುದು ಇದಕ್ಕೆ ಕಾರಣ. ಬರ ಮತ್ತು ಪ್ರವಾಹ ಒಂದೇ ವರ್ಷ ಕಾಣುವ ನಮ್ಮ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ಭಾರಿ ಮಳೆ ಹೆಚ್ಚುತ್ತಿರುವುದನ್ನು ಬಿ.ಎನ್. ಗೋಸ್ವಾಮಿ ಮತ್ತು ಸಂಗಡಿಗರು 2006ರಲ್ಲೇ 'ಸೈನ್ಸ್' ಪತ್ರಿಕೆಯಲ್ಲಿ ತೋರಿಸಿದ್ದರು. ಅದೇ ಗೋಸ್ವಾಮಿ 2015ರ ಪ್ರಬಂಧಕ್ಕೆ ಸಹಲೇಖಕರು.

ಉಲ್ಲೇಖ ಎಂದರೆ ಒಪ್ಪಿಗೆಯೇ?

ಒಂದು ಪ್ರಬಂಧವನ್ನು ಇತರ ಸಂಶೋಧಕರು ತಮ್ಮ ಪ್ರಬಂಧದಲ್ಲಿ ಎಷ್ಟು ಬಾರಿ ಹೆಸರಿಸಿದ್ದಾರೆ ಎಂಬುದೇ ಉಲ್ಲೇಖದ ಲೆಕ್ಕ. 'ಎಚ್-ಇಂಡೆಕ್ಸ್' ಇದರಿಂದಲೇ ಹುಟ್ಟಿದ ಅಳತೆ: ತಲಾ 40 ಅಥವಾ ಅದಕ್ಕಿಂತ ಹೆಚ್ಚು ಬಾರಿ ಉಲ್ಲೇಖಗೊಂಡ 40 ಪ್ರಬಂಧಗಳಿದ್ದರೆ ಆ ವಿಜ್ಞಾನಿಯ ಎಚ್-ಇಂಡೆಕ್ಸ್ 40. ಆದರೆ ಹೆಸರಿಸಿದವರು ಒಪ್ಪಿದರೋ, ತಕರಾರು ತೆಗೆದರೋ ಎಂಬುದನ್ನು ಈ ಸಂಖ್ಯೆ ಹೇಳುವುದಿಲ್ಲ. ಅಮೆರಿಕದ ಎಂಐಟಿಯ ಚಿನ್‌ಜಿಯಾನ್ ಜಿನ್ ಮತ್ತು ಚಿಯೆನ್ ವಾಂಗ್ 2017ರಲ್ಲಿ, 2002ರ ನಂತರ ಭಾರತದ ಮುಂಗಾರು ಚೇತರಿಸಿಕೊಂಡಿದೆ ಎಂದು ಬರೆದರು. ಮಳೆ ಇಳಿಕೆಯ ವಾದ ಅಲ್ಲಿಗೆ ಮುಗಿಯಲಿಲ್ಲ, ಚರ್ಚೆ ಇನ್ನಷ್ಟು ಬೆಳೆಯಿತು. ವಿಜ್ಞಾನ ನಡೆಯುವುದೂ ಹೀಗೆಯೇ. ಇನ್ನು ಈ ಪ್ರಬಂಧಗಳಾವುವೂ ಒಬ್ಬರ ಕೆಲಸವಲ್ಲ ಎಂಬುದನ್ನು ಪಟ್ಟಿಗಳ ಭರಾಟೆಯಲ್ಲಿ ಮರೆಯಬಾರದು.

2019ರಲ್ಲಿ 'ನೇಚರ್' ಪ್ರಕಟಿಸಿದ ಅಧ್ಯಯನವೂ ಗಮನ ಸೆಳೆಯಿತು. ಹಿಂದೂ ಮಹಾಸಾಗರ ಮತ್ತು ಪಶ್ಚಿಮ ಪೆಸಿಫಿಕ್‌ನ ಬೆಚ್ಚನೆಯ ನೀರಿನ ಹರವು 1900-1980ರ ಅವಧಿಗೆ ಹೋಲಿಸಿದರೆ 1981-2018ರಲ್ಲಿ ಸುಮಾರು ಎರಡು ಪಟ್ಟಾಗಿದೆ ಎಂದು ಅದು ಲೆಕ್ಕ ಕೊಟ್ಟಿತು. ಅದೇ ವರ್ಷ ಬಂದ ಐಪಿಸಿಸಿಯ ಸಾಗರ ಮತ್ತು ಹಿಮಾವೃತ ಪ್ರದೇಶಗಳ ವಿಶೇಷ ವರದಿಗೆ ಕೋಲ್ ಪ್ರಮುಖ ಲೇಖಕರಲ್ಲೊಬ್ಬರು.

ಕರ್ನಾಟಕದ ಕರಾವಳಿಗೇನು ಸಂಬಂಧ?

ಮಲ್ಪೆ, ಮಂಗಳೂರಿನ ಮೀನುಗಾರರಿಗೆ ಈ ಅಂಕಿಗಳು ದೂರದವಲ್ಲ. ಬಿಸಿಯಾದ ಮೇಲ್ಪದರದ ನೀರು ಕೆಳಗಿನ ಪೋಷಕಾಂಶಗಳನ್ನು ಮೇಲೇಳಲು ಬಿಡದ ಕಾರಣ, ಪಶ್ಚಿಮ ಹಿಂದೂ ಮಹಾಸಾಗರದಲ್ಲಿ ಸಸ್ಯ ಪ್ಲವಕಗಳು ಆರು ದಶಕಗಳಲ್ಲಿ ಶೇ 20ರವರೆಗೆ ಕುಸಿದಿವೆ ಎಂದು 2016ರ ಅಧ್ಯಯನ ಹೇಳಿತ್ತು. ಬೂತಾಯಿಯಂಥ ಮೀನುಗಳಿಗೆ ಈ ಪ್ಲವಕಗಳೇ ಆಹಾರ.

ಚಂಡಮಾರುತಗಳ ಲೆಕ್ಕ ಇನ್ನೊಂದು. ಐಐಟಿಎಂನ ಮೇಧಾ ದೇಶಪಾಂಡೆ ನೇತೃತ್ವದಲ್ಲಿ 2021ರಲ್ಲಿ ಬಂದ, ಕೋಲ್ ಸಹಲೇಖಕರಾಗಿರುವ ಅಧ್ಯಯನದ ಪ್ರಕಾರ, 1982-2000ಕ್ಕೆ ಹೋಲಿಸಿದರೆ 2001-2019ರಲ್ಲಿ ಅರಬ್ಬಿ ಸಮುದ್ರದ ಚಂಡಮಾರುತಗಳು ಶೇ 52ರಷ್ಟು ಹೆಚ್ಚಿವೆ. ಬಂಗಾಳ ಕೊಲ್ಲಿಯಲ್ಲಿ ಶೇ 8ರಷ್ಟು ಇಳಿದಿವೆ. ಅದೇ ವರ್ಷ ಮೇನಲ್ಲಿ 'ತೌಕ್ತೆ' ನಮ್ಮ ಕರಾವಳಿಯ ಪಕ್ಕದಲ್ಲೇ ಹಾದು ಗುಜರಾತಿಗೆ ಅಪ್ಪಳಿಸಿತು.

2022ರಲ್ಲಿ ಅಮೆರಿಕನ್ ಜಿಯೋಫಿಸಿಕಲ್ ಯೂನಿಯನ್‌ನ ದೇವೇಂದ್ರ ಲಾಲ್ ಪದಕ ಪಡೆದ ಕೋಲ್‌ಗೆ, ಭೂವಿಜ್ಞಾನ ವಿಭಾಗದಲ್ಲಿ 2024ರ ವಿಜ್ಞಾನ ಯುವ-ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿಯೂ ಸಂದಿದೆ. ಅದೇ ವರ್ಷ ಅವರ ನೇತೃತ್ವದ ತಂಡ ಮುಂದಿನ ಅಂದಾಜನ್ನೂ ಮುಂದಿಟ್ಟಿತು: ಹೊಗೆ ಉಗುಳುವಿಕೆ ಎಷ್ಟು ತಗ್ಗುತ್ತದೆ ಎಂಬುದನ್ನು ಅವಲಂಬಿಸಿ, 2020ರಿಂದ 2100ರ ಅವಧಿಯಲ್ಲಿ ಹಿಂದೂ ಮಹಾಸಾಗರ ಶತಮಾನಕ್ಕೆ 1.7ರಿಂದ 3.8 ಡಿಗ್ರಿಯಷ್ಟು ವೇಗದಲ್ಲಿ ಬಿಸಿಯಾಗಬಹುದು. 1970-2000ರಲ್ಲಿ ವರ್ಷಕ್ಕೆ ಸುಮಾರು 20 ದಿನ ಇದ್ದ ಕಡಲಿನ ಬಿಸಿ ಅಲೆ 220ರಿಂದ 250 ದಿನಗಳಿಗೆ ಏರಬಹುದು.