ಗುಬ್ಬಿಯ ಅತ್ತೆ, ಕುಣಿಗಲ್ಲಿನ ಸೊಸೆ

ನನ್ನ ತವರು ಕುಣಿಗಲ್, ಅತ್ತೆಯವರದು ಗುಬ್ಬಿ. ತುಮಕೂರಿನ ಒಂದೇ ಅಡುಗೆಮನೆಯಲ್ಲಿ ವರ್ಷಗಟ್ಟಲೆ ಇದ್ದರೂ ನಮ್ಮಿಬ್ಬರಲ್ಲಿ ಮಾತು ಕಡಿಮೆ. ಅವರ ಮೌನವನ್ನು ನಾನು ಬಿಗುಮಾನವೆಂದೇ ತಿಳಿದಿದ್ದೆ.

ಒಮ್ಮೆ ಇಲ್ಲಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರಕ್ಕೆ ನಾಟಕಕ್ಕೆಂದು ಕರೆದೊಯ್ದೆ. ಹೆಸರು ನೋಡಿದ್ದೇ ಅವರ ಕಣ್ಣು ತುಂಬಿತು. "ವೀರಣ್ಣನವರು ನಮ್ಮೂರಿನವರು ಕಣಮ್ಮ. ಅವರ ಕಂಪನಿಯ ನಾಟಕ ನೋಡಲು ನಮ್ಮಪ್ಪ ಒಂದು ದಿನವೂ ಬಿಡಲಿಲ್ಲ" ಎಂದರು.

1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಆ ಕಂಪನಿಯಲ್ಲಿ ಮೊದಮೊದಲು ಗಂಡಸರೇ ಸೀರೆಯುಟ್ಟು ಹೆಣ್ಣಾಗುತ್ತಿದ್ದರು. ವೀರಣ್ಣನವರ ಕಾಲದಲ್ಲಿ ಬಿ. ಜಯಮ್ಮನಂಥವರು ರಂಗಕ್ಕೆ ಬಂದರು. ಹೆಣ್ಣಿನ ಮಾತನ್ನು ಹೆಣ್ಣೇ ಆಡಿದಳು. ನಮ್ಮ ಮನೆಯೊಳಗೆ ಮಾತ್ರ ಅದಕ್ಕೆ ಇನ್ನೂ ಎಷ್ಟೋ ವರ್ಷ ಬೇಕಾಯಿತು. ಕೇಳುವವರಿಲ್ಲದ್ದನ್ನು ನಾನು ಬಿಗುಮಾನ ಎಂದಿದ್ದೆ!

ಅಂದು ರಾತ್ರಿ ಮನೆಗೆ ಬಂದು, ಕಾಫಿ ಕೈಗಿಟ್ಟು ಪಕ್ಕದಲ್ಲೇ ಕುಳಿತೆ. "ಆಮೇಲೇನಾಯ್ತು, ಹೇಳಿ ಅತ್ತೆ" ಎಂದೆ.