ಹಿತ್ತಲ ಗಿಡ, ಪೇಟೆಯ ಸೀಸೆ

ಹಿತ್ತಲ ಗಿಡ ಮದ್ದಲ್ಲವೆಂಬುದು ನಮ್ಮ ಹಳೆಯ ಗಾದೆ. ಹಿತ್ತಲ ಗಿಡ ವಿಷವಾದೀತೆ ಎಂಬ ಪ್ರಶ್ನೆಯನ್ನು ಗಾದೆ ಎತ್ತುವುದಿಲ್ಲ. ದೇವದುರ್ಗ, ಮಾನ್ವಿಗಳ ದಾರಿಯ ಬದಿಯಲ್ಲಿ ಎಕ್ಕ, ಉಮ್ಮತ್ತಿಗಳು ತಾವಾಗಿಯೇ ಬೆಳೆಯುತ್ತವೆ. ಮನೆಗಳ ಮುಂದೆ ಕಣಗಿಲೆ ಹೂ ಬಿಡುತ್ತದೆ. ದೇವರ ಪೂಜೆಗೆ ಸಲ್ಲುವ ಈ ಗಿಡಗಳು ಮೂರೂ ನಮ್ಮ ದೇಶದ ಔಷಧ ನಿಯಮಗಳಲ್ಲಿ ವಿಷದ್ರವ್ಯಗಳ ಪಟ್ಟಿಗೆ ಸೇರಿವೆ. ಮೂರೂ ಔಷಧಗಳೆಂಬುದೂ ಅಷ್ಟೇ ನಿಜ.

ಮದ್ದಿಗೂ ವಿಷಕ್ಕೂ ನಡುವಣ ಗೆರೆಯನ್ನು ಹಿಂದೆ ಕಾಯುತ್ತಿದ್ದವನು ವೈದ್ಯ. ವತ್ಸನಾಭಿಯನ್ನು ಗೋಮೂತ್ರದಲ್ಲಿ ನೆನೆಸಿ ಶುದ್ಧಿಮಾಡದೆ ಕೊಡಬಾರದೆಂಬುದು ಅವನಿಗೆ ಗುರುವಿನಿಂದ ಬಂದ ವಿದ್ಯೆ. ರಾಯಚೂರು ಸೀಮೆಯಲ್ಲಿ ಅವನ ಜೊತೆಗೆ ಹಕೀಮನೂ ಇದ್ದ. ಈ ಸೀಮೆ ಬಿಜಾಪುರದ ಆದಿಲಶಾಹಿಗಳ ಕೈಯಲ್ಲಿದ್ದಾಗ, ಎರಡನೆಯ ಇಬ್ರಾಹಿಮನ ಆಶ್ರಯದಲ್ಲಿದ್ದ ಇತಿಹಾಸಕಾರ ಫೆರಿಸ್ತಾ ಭಾರತೀಯ ವೈದ್ಯವನ್ನು ಕುರಿತು ಫಾರಸಿಯಲ್ಲಿ ಒಂದು ಗ್ರಂಥವನ್ನೇ ಬರೆದನು. ಮುಂದೆ ನಿಜಾಮರ ಕಾಲದಲ್ಲಿ ಯುನಾನಿಗೆ ರಾಜಾಶ್ರಯ ದೊರೆಯಿತು. ವೈದ್ಯನಾಗಲಿ ಹಕೀಮನಾಗಲಿ, ಮದ್ದು ಕೊಟ್ಟವನ ಮನೆ ಯಾವುದೆಂದು ರೋಗಿಗೆ ಗೊತ್ತಿರುತ್ತಿತ್ತು. ತಪ್ಪಾದರೆ ಕೇಳಲು ಒಂದು ಬಾಗಿಲಿತ್ತು.

ಮದ್ದು ಸೀಸೆಗೆ ಇಳಿದಾಗ ಈ ಸಂಬಂಧ ಸಡಿಲವಾಯಿತು. 1920ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ ಜಿಂದಾ ತಿಲಿಸ್ಮಾತಿನಂತಹ ಮನೆಮದ್ದುಗಳು ಹೆಸರುವಾಸಿಯಾದವು. ಕೊಳ್ಳುವವನು ಇನ್ನು ಮುಂದೆ ನಂಬಬೇಕಾದದ್ದು ಮುಖವನ್ನಲ್ಲ, ಚೀಟಿಯನ್ನು. ಆ ಚೀಟಿಯ ಮೇಲಿನ ಮಾತಿಗೆ ಹೊಣೆ ಯಾರು?

ಕಾನೂನು ಇದಕ್ಕೆ ಬಲು ನಿಧಾನವಾಗಿ ಉತ್ತರ ಕೊಟ್ಟಿತು. ಕರ್ನಲ್ ರಾಮನಾಥ ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ 1930ರಲ್ಲಿ ವಿಚಾರಣಾ ಸಮಿತಿ ನೇಮಕವಾಯಿತು. 1940ರಲ್ಲಿ ಔಷಧ ಕಾಯಿದೆ ಬಂದಿತು. ಅದು ಬ್ರಿಟಿಷ್ ಇಂಡಿಯಾದ ಕಾಯಿದೆ. ರಾಯಚೂರು ಆಗ ನಿಜಾಮರ ಸಂಸ್ಥಾನದಲ್ಲಿತ್ತು. ಮೇಲಾಗಿ ಆಯುರ್ವೇದ, ಯುನಾನಿ ಔಷಧಗಳನ್ನು ಕಾಯಿದೆಯೇ ಹೊರಗಿಟ್ಟಿತ್ತು. 1954ರಲ್ಲಿ ಪವಾಡದ ಮದ್ದುಗಳ ಜಾಹೀರಾತನ್ನು ತಡೆಯುವ ಕಾಯಿದೆಯಾಯಿತು. ಹಮ್‌ದರ್ದ್ ದವಾಖಾನೆಯವರು ಅದನ್ನು ಪ್ರಶ್ನಿಸಿದಾಗ, 1959ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಕಾಯಿದೆಯ ಕೆಲವು ಅಂಶಗಳನ್ನು ತೆಗೆದುಹಾಕಿ ಉಳಿದುದನ್ನು ಎತ್ತಿಹಿಡಿಯಿತು. ಆಯುರ್ವೇದ, ಯುನಾನಿ ಔಷಧಗಳ ತಯಾರಿಕೆ ಕಾಯಿದೆಯ ಹಿಡಿತಕ್ಕೆ ಬಂದದ್ದು 1964ರ ತಿದ್ದುಪಡಿಯಿಂದ. ತನ್ನ ರೋಗಿಗಾಗಿ ತಾನೇ ಮದ್ದು ತಯಾರಿಸುವ ವೈದ್ಯ, ಹಕೀಮರಿಗೆ ಕಾಯಿದೆ ವಿನಾಯಿತಿ ಕೊಟ್ಟಿದೆ. ಹಳೆಯ ನಂಬಿಕೆಗೆ ಅದು ಸಲ್ಲಿಸಿದ ಗೌರವವೆಂದೇ ನನ್ನ ಭಾವನೆ.

ಕಾರ್ಖಾನೆಯ ಸೀಸೆಗೆ ಆ ನಂಬಿಕೆ ಸಾಲದು. 2004ರಲ್ಲಿ ಅಮೆರಿಕದ ಬಾಸ್ಟನ್ ಪ್ರದೇಶದ ಅಂಗಡಿಗಳಿಂದ ಕೊಂಡು ಪರೀಕ್ಷಿಸಿದ 70 ಆಯುರ್ವೇದ ಔಷಧಗಳ ವಿವರ ಪ್ರಕಟವಾಯಿತು. ಅವುಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಪಾಷಾಣದ ಅಂಶವಿತ್ತು. ಈಗ ಇನ್ನೊಂದು ತೊಡಕೂ ಸೇರಿದೆ. ಅಶ್ವಗಂಧದ ಬೇರನ್ನು ಔಷಧವೆಂದೂ ಮಾರಬಹುದು. 2016ರ ಆಹಾರ ನಿಯಮಗಳಂತೆ, ‘ಔಷಧವಾಗಿ ಬಳಸಲು ಅಲ್ಲ’ ಎಂಬರ್ಥದ ಮಾತನ್ನು ಅಚ್ಚುಹಾಕಿ ಪೂರಕ ಆಹಾರವೆಂದೂ ಮಾರಬಹುದು. ಬೇರು ಒಂದೇ, ಕಾನೂನು ಎರಡು.

ಈ ನಿಯಮಗಳನ್ನು ಓದುತ್ತ ನಾನು ಒಂದು ಕಡೆ ನಿಂತೆ. ವಿಷದ್ರವ್ಯದ ಪಟ್ಟಿಯಲ್ಲಿರುವ ವಸ್ತುವನ್ನು ಸೇರಿಸಿ, ಹೊಟ್ಟೆಗೆ ತೆಗೆದುಕೊಳ್ಳಲು ಮಾಡಿದ ಔಷಧದ ಮೇಲೆ ‘ವೈದ್ಯರ ಮೇಲ್ವಿಚಾರಣೆಯಲ್ಲಿ ಸೇವಿಸತಕ್ಕದ್ದು’ ಎಂಬ ಎಚ್ಚರಿಕೆ ಇರಬೇಕೆಂದು ನಿಯಮ ಹೇಳುತ್ತದೆ. ಎರಡು ಭಾಷೆಗಳಲ್ಲಿ ಇರಬೇಕು: ಇಂಗ್ಲಿಷಿನಲ್ಲಿ ಮತ್ತು ಹಿಂದಿಯಲ್ಲಿ. ಮಾನ್ವಿಯ ಪೇಟೆಗೆ ಬಂದು ಕೀಲುನೋವಿಗೆ ಮಾತ್ರೆ ಕೊಳ್ಳುವ ರೈತನಿಗೆ ಕನ್ನಡ ಮಾತ್ರ ಓದಲು ಬರುತ್ತಿದ್ದರೆ ಆ ಎಚ್ಚರಿಕೆ ಅವನ ಪಾಲಿಗೆ ಇಲ್ಲದಂತೆಯೇ. ಹಿಂದಿನ ವೈದ್ಯನಾದರೋ ‘ಇಷ್ಟೇ ತೆಗೆದುಕೋ, ಹೆಚ್ಚು ಬೇಡ’ ಎಂದು ಅವನ ಮಾತಿನಲ್ಲಿಯೇ ಹೇಳುತ್ತಿದ್ದ. ವೈದ್ಯನ ಜಾಗದಲ್ಲಿ ಚೀಟಿಯನ್ನು ಇಟ್ಟ ಮೇಲೆ, ಚೀಟಿಗೂ ಊರಿನ ಮಾತು ಬರಬೇಡವೆ? ಕನ್ನಡದಲ್ಲಿ ಒಂದು ಸಾಲನ್ನು ಕಡ್ಡಾಯ ಮಾಡುವುದಕ್ಕೆ ಸರ್ಕಾರ ಮನಸ್ಸು ಮಾಡಲಿ. ಅಲ್ಲಿಯವರೆಗೆ, ಸೀಸೆಯನ್ನು ಓದಬಲ್ಲವರು ಓದಲಾರದವರಿಗೆ ಓದಿ ಹೇಳಲಿ.