ಸಣ್ಣ ಟ್ರ್ಯಾಕ್ಟರಿನ ಉಪಕರಣಗಳ ಅಳತೆ (ಮೈಸೂರು ಸೀಮೆ)

ಸುಮಾರು 15ರಿಂದ 30 ಅಶ್ವಶಕ್ತಿಯ ಟ್ರ್ಯಾಕ್ಟರಿಗೆ ಹೊಂದುವ ರೋಟವೇಟರ್, ಕಲ್ಟಿವೇಟರ್, ನೇಗಿಲು, ಟ್ರೈಲರ್‌ಗಳ ಅಗಲ ಮತ್ತು ತೂಕದ ಆಯ್ಕೆ. ಮೈಸೂರು ನಗರದ ಸುತ್ತಲಿನ ಬಾಳೆ, ತೆಂಗು, ಹಿಪ್ಪುನೇರಳೆ ತೋಟಗಳಲ್ಲಿ, ದೊಡ್ಡ ಟ್ರ್ಯಾಕ್ಟರು ತಿರುಗಲಾಗದ ಸಾಲುಗಳ ನಡುವೆ ಇಂಥ ಯಂತ್ರಗಳಿಗೆ ಕೆಲಸ. ಬೆಂಗಳೂರಿನಲ್ಲಿ 1967ರಲ್ಲಿ ಸ್ಥಾಪನೆಯಾದ ವಿಎಸ್‌ಟಿ ಕಂಪನಿ ಪವರ್ ಟಿಲ್ಲರ್ ಜೊತೆಗೆ ಸಣ್ಣ ಟ್ರ್ಯಾಕ್ಟರುಗಳನ್ನೂ ತಯಾರಿಸುತ್ತದೆ.

ಎಂಜಿನ್ನಿನ ಅಶ್ವಶಕ್ತಿಯೊಂದನ್ನೇ ನೋಡಿ ಉಪಕರಣ ಕೊಳ್ಳುವುದು ಸಾಮಾನ್ಯ ತಪ್ಪು. ರೋಟವೇಟರ್ ತಿರುಗಿಸುವ ಪಿಟಿಒ ದಂಡಕ್ಕೆ ಎಂಜಿನ್ನಿನ ಶಕ್ತಿ ಪೂರ್ತಿ ತಲುಪುವುದಿಲ್ಲ. ನೇಗಿಲೆಳೆಯುವಾಗ ಚಕ್ರ ಜಾರಿ ಇನ್ನಷ್ಟು ನಷ್ಟ. ಸುಮಾರು 18 ಅಶ್ವಶಕ್ತಿಗೆ 3 ಅಡಿಯ, 25ರ ಆಸುಪಾಸಿಗೆ 4 ಅಡಿಯ ರೋಟವೇಟರ್ ರೂಢಿಯ ಅಳತೆ. ಉಪಕರಣ ಹಿಂಚಕ್ರಗಳ ಹೊರ ಅಂಚನ್ನು ಮುಚ್ಚುವಷ್ಟು ಅಗಲವಿರಬೇಕು. ಇಲ್ಲದಿದ್ದರೆ ಉತ್ತ ಮಣ್ಣನ್ನು ಚಕ್ರವೇ ತುಳಿದು ಗಟ್ಟಿ ಮಾಡುತ್ತದೆ. ಸಾಲಿನ ಅಂತರ ಈ ಅಗಲಕ್ಕಿಂತ ಕಿರಿದಾದರೆ ಬದಲಿಸಬೇಕಾದದ್ದು ಟ್ರ್ಯಾಕ್ಟರನ್ನೇ.

ಮಣ್ಣೂ ಲೆಕ್ಕಕ್ಕೆ ಬರುತ್ತದೆ. ಕೆಮ್ಮಣ್ಣಿನಲ್ಲಿ ಹಗುರವಾಗಿ ಓಡುವ ಕಲ್ಟಿವೇಟರಿಗೆ ಕಪ್ಪುಮಣ್ಣಿನಲ್ಲಿ ಒಂದೆರಡು ಕುಳ ಬಿಚ್ಚಬೇಕಾಗಬಹುದು. ತೂಕದ ಉಪಕರಣ ಎತ್ತಿದಾಗ ಮುಂಚಕ್ರ ಹಗುರಾಗಿ ಸ್ಟೀರಿಂಗ್ ಹಿಡಿತ ತಪ್ಪುತ್ತದೆ. ಲಿಫ್ಟ್ ಸಾಮರ್ಥ್ಯವಿದ್ದರೂ ಮುಂದೆ ಭಾರ ಕಟ್ಟುವುದು ಅಗತ್ಯ. ಟ್ರೈಲರಿಗೆ ಎಳೆಯುವ ಶಕ್ತಿಗಿಂತ ನಿಲ್ಲಿಸುವ ಬ್ರೇಕೇ ಮಿತಿ, ಇಳಿಜಾರಿನಲ್ಲಂತೂ ಖಂಡಿತ.

ವರ್ಷಕ್ಕೆ ಕೆಲವೇ ದಿನ ಬೇಕಾಗುವ ಉಪಕರಣವನ್ನು ರಾಜ್ಯದ ಕೃಷಿ ಯಂತ್ರಧಾರೆ ಕೇಂದ್ರಗಳಿಂದ ಬಾಡಿಗೆಗೆ ತರುವುದೇ ಲಾಭ. ಅಲ್ಲಿಯ ಉಪಕರಣ ದೊಡ್ಡ ಟ್ರ್ಯಾಕ್ಟರಿನ ಅಳತೆಯದ್ದಾಗಿರಬಹುದು; ಜೋಡಣೆಯ ಪಿನ್ನು ಕೂರುತ್ತದೆಯೇ ಎಂದು ಮೊದಲೇ ನೋಡಬೇಕು.